ಎವ್ರಾರಣ್ಣನ ನಲವತ್ತು ಊಟ

ಮಧ್ಯಾಹ್ನದ ಗಂಟೆ ಬಾರಿಸುವುದಕ್ಕೂ ಮಿಲೋನನ ಊರುಗೋಲು ಅಂಗಳದ ಕಲ್ಲಿಗೆ ತಾಗುವುದಕ್ಕೂ ಸರಿಹೋಗುತ್ತಿತ್ತು. ಇಪ್ಪತ್ತೆಂಟು ದಿನಗಳಲ್ಲಿ ಒಮ್ಮೆಯೂ ಅವನು ತಡಮಾಡಿದವನಲ್ಲ. ವೋಸೆಲ್ ಊರಿನ ಭಿಕ್ಷುಕರಲ್ಲೆಲ್ಲ ಬಾಯಿಬಡುಕ ಎಂದು ಹೆಸರಾಗಿದ್ದ ಈ ಮುದುಕ, ದೇವಾಲಯದ ಅಣ್ಣಂದಿರು ಎನಿಸಿದ್ದ ಯೋಧ ಸನ್ಯಾಸಿಗಳ ಮನೆಯ ಊಟದ ಸಾಲಿನಲ್ಲಿ ಕೂತು, ಆ ಮನೆಯ ಯಜಮಾನ ಅನ್ಸೋ ಅಣ್ಣನ ಜೊತೆ ಒಂದೇ ಬಟ್ಟಲಿಗೆ ಕೈಹಾಕಿ ಉಣ್ಣುತ್ತಿದ್ದ.

ಅದು ತೀರಿಹೋದ ಎವ್ರಾರಣ್ಣನ ಜಾಗ. ಅಣ್ಣಂದಿರ ಮನೆಗಳಲ್ಲಿ ಒಬ್ಬ ಅಣ್ಣ ಸತ್ತರೆ ಅವನ ಪಾಲಿನ ರೊಟ್ಟಿ, ಅವನ ಪಾಲಿನ ಮಾಂಸ, ಅವನ ಪಾಲಿನ ದ್ರಾಕ್ಷಾರಸ ನಲವತ್ತು ದಿನ ಒಬ್ಬ ಬಡವನ ಹೊಟ್ಟೆಗೆ ಸೇರಬೇಕು. ಉಂಡವನು ಕೊನೆಯಲ್ಲಿ ಸತ್ತವನ ಹೆಸರು ಹೇಳಿ ಅವನಿಗಾಗಿ ದೇವರನ್ನು ಕೇಳಿಕೊಳ್ಳಬೇಕು. ಸಂಘ ಹುಟ್ಟಿದಾಗಿನಿಂದ ನಡೆದುಬಂದ ಕಟ್ಟಳೆ ಇದು. ಕಡಲಾಚೆಯ ಕೋಟೆಗಳಲ್ಲಿ ಒಂದೇ ದಿನಕ್ಕೆ ನೂರು ಜನ ಅಣ್ಣಂದಿರು ಬಿದ್ದಾಗಲೂ, ನೂರು ಬಡವರನ್ನು ಹುಡುಕಿ ಕೂರಿಸಿದ್ದರಂತೆ.

ಊಟದ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಹಾಗಾಗಿ ಮಿಲೋನ್ ತನ್ನ ಮಾತನ್ನೆಲ್ಲ ಕೂಡಿಟ್ಟುಕೊಂಡು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಒಡೆಲೀನಳ ಮುಂದೆ ಸುರಿಯುತ್ತಿದ್ದ.

"ಇವತ್ತಿನ ಕುರಿ ನನಗಿಂತ ಹಿರೀದು ಕಣಕ್ಕ. ಎದ್ದು ನಿಂತು ನಮಸ್ಕಾರ ಮಾಡಿ ತಿನ್ನಬೇಕಾಗಿತ್ತು."

"ಬಾಯಲ್ಲಿರೋದು ಮೂರು ಹಲ್ಲು. ಕುರಿ ಮೇಲೆ ಯಾಕೆ ಗೂಬೆ ಕೂರಿಸ್ತೀಯ?"

"ಆ ಅನ್ಸೋ ಅಣ್ಣ ಒಳ್ಳೆ ತುಂಡೆಲ್ಲ ನನ್ನ ಕಡೆಗೇ ತಳ್ತಾನೆ. ತಾನು ಬರೀ ಮೂಳೆ ಚೀಪ್ತಾನೆ. ನನಗೆ ನಾಚಿಕೆ ಆಗುತ್ತೆ."

"ಆದ್ರೂ ತಿಂತೀಯಲ್ಲ."

"ನಾಚಿಕೆ ಆಯ್ತು ಅಂದೆ. ಹಸಿವು ಹೋಯ್ತು ಅಂದ್ನಾ?"

ಒಡೆಲೀನ್ ನಕ್ಕಳು. ಹನ್ನೆರಡನೆಯ ವಯಸ್ಸಿಗೆ ಹಾಲು ಕರೆಯಲು ಆ ಮನೆಗೆ ಬಂದವಳು. ಮದುವೆಯಾಗಿ, ಗಂಡನನ್ನು ಕಳಕೊಂಡು, ಈಗ ಐವತ್ತು ತುಂಬಿ ಅಲ್ಲಿನ ಹಾಲು, ಚೀಸು, ಒಲೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಎವ್ರಾರಣ್ಣನೆಂದರೆ ಅದೇ ಹೊಸ್ತಿಲಲ್ಲಿ ಕೂತು ಕಾಳು ಸುಲಿಯುತ್ತ ಕಥೆ ಹೇಳುತ್ತಿದ್ದ ದೊಡ್ಡ ದೇಹ, ಮುರಿದ ಮೊಣಕಾಲು, ಬಿಸಿಲಿಗೆ ಕಪ್ಪಾಗಿ ಮತ್ತೆಂದೂ ಬಿಳಿಚದ ಕತ್ತು.

ಎಂಥ ಕಥೆಗಳು ಅವು. ಜೆರೂಸಲೇಮಿನ ದಾರಿಯಲ್ಲಿ ಒಂದು ಬಾವಿ. ನೀರು ಸೇದಲು ಬಗ್ಗಿದ ಯಾತ್ರಿಕರ ಕತ್ತು ಕತ್ತರಿಸಲು ಬಂಡೆಯ ಹಿಂದೆ ಕಾದಿರುವ ಕಳ್ಳರು. ಆಗ ಒಂಬತ್ತೇ ಒಂಬತ್ತು ಜನ ಯೋಧರು, ಹೊಲ ಮನೆ ಹೆಂಡತಿ ಯಾವುದೂ ತಮಗೆ ಬೇಡವೆಂದು ಮಾತು ಕೊಟ್ಟು, ಆ ಬಾವಿಯ ಪಕ್ಕ ಹೋಗಿ ನಿಂತರು. ನಿಂತರು, ಅಷ್ಟೇ. ಯಾತ್ರಿಕರು ನೀರು ಕುಡಿದರು. ಅಲ್ಲಿಂದ ಶುರುವಾದದ್ದು. ರಾಜ ತನ್ನ ಅರಮನೆಯ ಒಂದು ಭಾಗವನ್ನು, ಹಿಂದೆ ಸೊಲೊಮೋನನ ದೇವಾಲಯವಿದ್ದ ಜಾಗವನ್ನು, ಅವರಿಗೆ ಕೊಟ್ಟ. ಅದರಿಂದ ಟೆಂಪ್ಲರ್ ಎಂಬ ಹೆಸರು ಬಂತು. ಒಂಬತ್ತು ತೊಂಬತ್ತಾಯಿತು, ಸಾವಿರವಾಯಿತು. ಬಿಳಿ ನಿಲುವಂಗಿ, ಎದೆಯ ಮೇಲೆ ಕೆಂಪು ಶಿಲುಬೆ, ಕಪ್ಪು ಬಿಳುಪಿನ ಬಾವುಟ. ಆ ಬಾವುಟ ಎತ್ತಿ ನಿಂತಿರುವವರೆಗೂ ಒಬ್ಬನೂ ಕಣ ಬಿಟ್ಟು ಕದಲಬಾರದು. ಅದು ಅವರ ಪ್ರಾಣಕ್ಕಿಂತ ದೊಡ್ಡ ನಿಯಮ.

"ಮತ್ತೆ ಇಬ್ಬರಿಗೊಂದು ಬಟ್ಟಲು ಯಾಕಣ್ಣ? ಬಟ್ಟಲಿಗೆ ಬರವಾ?" ಎಂದು ಒಮ್ಮೆ ಅವಳು ಕೇಳಿದ್ದಳು.

"ಎದುರಿಗಿರೋನು ಉಂಡ್ನಾ ಇಲ್ವಾ ಅಂತ ನೋಡ್ಕೊಳ್ಳೋಕೆ. ನಮ್ಮಲ್ಲಿ ಕೆಲವರು ದೇವರ ಹೆಸರಲ್ಲಿ ಉಪವಾಸ ಮಾಡಿ ಮಾಡಿ ಕುದುರೆ ಮೇಲಿಂದ ಬಿದ್ದುಬಿಡ್ತಿದ್ರು."

ಒಂದು ಕಥೆಯನ್ನು ಮಾತ್ರ ಅವನು ಸಾಯುವ ಹಿಂದಿನ ದಿನದವರೆಗೂ ಹೇಳಿರಲಿಲ್ಲ. ಹದಿನಾರು ವರ್ಷಗಳ ಹಿಂದೆ ಕಡಲಾಚೆಯ ಆಕ್ರಾ ಪಟ್ಟಣ ಶತ್ರುಗಳ ಕೈಗೆ ಬಿದ್ದಾಗ, ಅಣ್ಣಂದಿರ ಕೊನೆಯ ಬುರುಜಿನಲ್ಲಿ ಅವನಿದ್ದ. ಕಲ್ಲು ಬಡಿದು ಮೊಣಕಾಲು ಪುಡಿಯಾಗಿ ಪ್ರಜ್ಞೆ ತಪ್ಪಿದವನನ್ನು, ಹೆಂಗಸರು ಮಕ್ಕಳು ತುಂಬಿದ್ದ ದೋಣಿಗೆ ಯಾರೋ ಎತ್ತಿ ಹಾಕಿದರು. ಕಣ್ಣು ಬಿಟ್ಟಾಗ ಸುತ್ತ ನೀರು. ದೂರದ ಬುರುಜಿನ ಮೇಲೆ ಬಾವುಟ ಇನ್ನೂ ಹಾರುತ್ತಿತ್ತು.

"ಅದು ಹಾರ್ತಾ ಇತ್ತು, ಒಡೆಲೀನ್. ನಾನು ದೋಣೀಲಿದ್ದೆ."

"ನಿನ್ನ ತಪ್ಪೇನಣ್ಣ ಅದರಲ್ಲಿ? ಎಚ್ಚರವೇ ಇರಲಿಲ್ಲ ನಿನಗೆ."

"ದೇವರು ಹಾಗೇ ಅಂದ್ಕೊಂಡ್ರೆ ಒಳ್ಳೇದು. ನನ್ನ ನಲವತ್ತು ಊಟ ಮಿಲೋನನಿಗೇ ಹಾಕ್ಸು. ಅವನಷ್ಟು ಬೈಗುಳ ತಿಂದು ಅವನಷ್ಟು ಕಡಿಮೆ ಉಂಡೋನು ಈ ಊರಲ್ಲಿಲ್ಲ. ಒಂದೂ ಕಮ್ಮಿ ಆಗಬಾರದು. ನಾನು ಒಂದ್ಸಲ ಅರ್ಧಕ್ಕೆ ಬಿಟ್ಟು ಬಂದೋನು. ಈ ಸಲ ಪೂರ್ತಿ ಆಗ್ಲಿ."

ಅವಳು ಅವನ ಕೈಹಿಡಿದು ಆಗಲಿ ಎಂದಿದ್ದಳು. ಮರುದಿನ, ಶಿಲುಬೆಯ ಹಬ್ಬದಂದು, ಅವನು ಹೋದ.

ಈಗ ಇಪ್ಪತ್ತೆಂಟು ಊಟ ಮುಗಿದಿತ್ತು. ಉಳಿದದ್ದು ಹನ್ನೆರಡು.

ಮರುದಿನ ಶುಕ್ರವಾರ. ಬೆಳಕು ಹರಿಯುವ ಹೊತ್ತಿಗೆ ಒಡೆಲೀನ್ ಕೆನೆ ತೆಗೆಯುತ್ತಿದ್ದಾಗ ಅಂಗಳದ ತುಂಬ ಕುದುರೆಗಳ ಸದ್ದಾಯಿತು. ರಾಜನ ಕಡೆಯವರು. ಮುದ್ರೆಯೊತ್ತಿದ ಪತ್ರವನ್ನು ಅನ್ಸೋ ಅಣ್ಣನ ಕೈಗೆ ಕೊಟ್ಟರು. ಅವನು ಒಮ್ಮೆ ಓದಿದ. ನಂಬಿಕೆಯಾಗದೆ ಇನ್ನೊಮ್ಮೆ ಓದಿದ. ದೇಶದಲ್ಲಿರುವ ದೇವಾಲಯದ ಅಣ್ಣಂದಿರನ್ನೆಲ್ಲ ಒಂದೇ ಬೆಳಗಿನಲ್ಲಿ ಹಿಡಿಯಬೇಕೆಂದು ಅದರಲ್ಲಿತ್ತು. ಮನೆಯಲ್ಲಿ ಏಳು ಜನ ಅಣ್ಣಂದಿರು. ಅವರಲ್ಲಿ ಚಿಕ್ಕವನ ಕೈ ಕತ್ತಿಯ ಹಿಡಿಯ ಕಡೆಗೆ ಸರಿದದ್ದನ್ನು ಒಡೆಲೀನ್ ಬಾಗಿಲ ಸಂದಿಯಿಂದ ಕಂಡಳು.

"ಕೈ ತೆಗಿ," ಎಂದ ಅನ್ಸೋ, ದನಿ ಏರಿಸದೆ. "ಕ್ರೈಸ್ತರ ಮೇಲೆ ಕತ್ತಿ ಎತ್ತಲ್ಲ ಅಂತ ಮಾತು ಕೊಟ್ಟಿದ್ದೀವಿ."

"ಇವರಿಗೂ ಆ ಮಾತು ಸಲ್ಲುತ್ತಾ ಅಣ್ಣ?"

"ನಾವು ಮಾತು ಕೊಟ್ಟಿದ್ದು ಇವರಿಗಲ್ಲವಲ್ಲ."

ಏಳು ಜನರೂ ಸೊಂಟದ ಪಟ್ಟಿ ಬಿಚ್ಚಿ, ಕತ್ತಿಗಳನ್ನು ಬಾವಿಕಟ್ಟೆಗೆ ಸಾಲಾಗಿ ಒರಗಿಸಿದರು. ಅವರನ್ನು ಕುರಿಕೊಟ್ಟಿಗೆಗೆ ನಡೆಸಿಕೊಂಡು ಹೋದರು. ಅಡುಗೆಮನೆಯನ್ನು ದಾಟುವಾಗ ಅನ್ಸೋ ಒಂದು ಕ್ಷಣ ನಿಂತ. ಏನಾದರೂ ದೊಡ್ಡ ಮಾತು ಹೇಳುತ್ತಾನೆಂದು ಅವಳು ಕಾದಳು.

"ಇವತ್ತು ಇಪ್ಪತ್ತೊಂಬತ್ತು, ಒಡೆಲೀನ್," ಎಂದು ಹೇಳಿ ಮುಂದೆ ಹೋದ.

ಆಳುಗಳನ್ನೆಲ್ಲ ಹೊರಗೆ ಹಾಕಿದರು. ಉಗ್ರಾಣಕ್ಕೆ ಮೊಹರು ಬಿತ್ತು. ಒಡೆಲೀನಳ ಪಾಲಿಗೆ ಉಳಿದದ್ದು ಸಂಬಳದ ಬಾಬ್ತು ಪಡೆದಿದ್ದ ಒಂದು ಮೂಟೆ ಹಿಟ್ಟು, ಉಪ್ಪು ಹಾಕಿದ ಹಂದಿಮಾಂಸದ ಒಂದು ಪಟ್ಟಿ, ಒಂದು ಕೋಳಿ. ಗಿರಣಿಯವನ ಹೆಂಡತಿ ತನ್ನ ಸೌದೆಯ ಕೊಟ್ಟಿಗೆಯಲ್ಲಿ ಜಾಗ ಕೊಟ್ಟಳು. ಮಧ್ಯಾಹ್ನದ ಗಂಟೆಗೆ ಮಿಲೋನ್ ಎಂದಿನಂತೆ ಬಂದವನು ಮುಚ್ಚಿದ ಹೆಬ್ಬಾಗಿಲನ್ನೂ ಕಾವಲಿಗೆ ನಿಂತ ಗಾರ್ನಿಯೆಯನ್ನೂ ನೋಡಿ ಬಾಯಿ ತೆರೆದು ನಿಂತ. ಗಾರ್ನಿಯೆ ಪಕ್ಕದೂರಿನ ಹುಡುಗ. ರಾಜಭಟನ ಟೊಪ್ಪಿಗೆ ಹಾಕಿ ವರ್ಷವೂ ಆಗಿರಲಿಲ್ಲ.

"ಇಲ್ಲಿ ಊಟ ಇಲ್ಲ ತಾತ. ಹೋಗು."

"ಊಟ ಇದೆ," ಎಂದಳು ಹಿಂದಿನಿಂದ ಬಂದ ಒಡೆಲೀನ್. ರಸ್ತೆ ಬದಿಯ ಕಲ್ಲಿನ ಮೇಲೆ ಬಟ್ಟೆ ಹಾಸಿ ಮಡಕೆ ಇಟ್ಟಳು. ಶುಕ್ರವಾರ ಮಾಂಸ ತಿನ್ನುವಂತಿಲ್ಲವಾದ್ದರಿಂದ ಬೇಯಿಸಿದ ಕಾಳು, ಎಲೆಕೋಸು, ರೊಟ್ಟಿ.

"ದ್ರಾಕ್ಷಾರಸ ಎಲ್ಲಿ?" ಎಂದ ಮಿಲೋನ್.

"ಮನೆ ಮುಳುಗಿದೆ, ಇವನಿಗೆ ದ್ರಾಕ್ಷಾರಸದ ಚಿಂತೆ."

"ನನಗಲ್ಲ ಕಣೇ. ಅಣ್ಣನ ಪಾಲಿನಲ್ಲಿ ಅದೂ ಸೇರಿದೆ ಅಲ್ವಾ? ಆಮೇಲೆ ಅಲ್ಲಿ ಮೇಲೆ ಯಾರಾದ್ರೂ ತಕರಾರು ತೆಗೆದ್ರೆ?"

ಅದು ಅವಳ ಎದೆಗೇ ನಾಟಿತು. ಅಷ್ಟರಲ್ಲಿ ಗಾರ್ನಿಯೆ ಅತ್ತಿತ್ತ ನೋಡಿ ತನ್ನ ಸೊಂಟದ ತೊಗಲ ಚೀಲವನ್ನು ಅವಳ ಕಡೆ ಚಾಚಿದ. "ತಗೋಮ್ಮ. ನಂಗೆ ಹೊಟ್ಟೆ ಸರಿಯಿಲ್ಲ. ಅವರ ಪೀಪಾಯಿಯದ್ದೇ, ಬೆಳಗ್ಗೆ ನಮ್ಮವರು ತೆಗೆದಿದ್ದು." ಆಮೇಲಿನ ದಿನಗಳಲ್ಲೂ, ಅವನ ಪಾಳಿಯಿದ್ದಾಗಲೆಲ್ಲ, ಅವನ ಹೊಟ್ಟೆ ಸರಿಯಾಗಲೇ ಇಲ್ಲ.

ಅಷ್ಟು ಮಾತ್ರವಲ್ಲ. ಕೊಟ್ಟಿಗೆಯ ಒಳಗಿಂದ ಅನ್ಸೋ ದಿನವೂ ಅವನನ್ನು ಒಂದೇ ಮಾತು ಕೇಳುತ್ತಿದ್ದ: "ಎಷ್ಟಾಯ್ತಪ್ಪ?" ಗಾರ್ನಿಯೆ ಹೊರಗೆ ಬಂದು ಒಡೆಲೀನಳನ್ನು ಕೇಳಿ, ಒಳಗೆ ಹೋಗಿ ಹೇಳುತ್ತಿದ್ದ: "ಮೂವತ್ತಂತೆ."

ಭಾನುವಾರ ತ್ರುವಾ ಪಟ್ಟಣದಿಂದ ಬಂದ ಸನ್ಯಾಸಿಯೊಬ್ಬ ಇಗರ್ಜಿಯಲ್ಲಿ ನಿಂತು ಆರೋಪಗಳನ್ನು ಓದಿದ. ಈ ಅಣ್ಣಂದಿರು ಗುಟ್ಟಾಗಿ ಕ್ರಿಸ್ತನನ್ನು ಅಲ್ಲಗಳೆದವರು. ಶಿಲುಬೆಯ ಮೇಲೆ ಉಗುಳಿದವರು. ಯಾವುದೋ ತಲೆಬುರುಡೆಯನ್ನು ಪೂಜಿಸಿದವರು. ಜನ ಉಸಿರು ಬಿಗಿಹಿಡಿದು ಕೇಳಿದರು. ಸುಗ್ಗಿಯಲ್ಲಿ ಅವರ ಗಾಡಿ ಎರವಲು ಪಡೆದವರು, ಕಾಯಿಲೆಯಲ್ಲಿ ಅವರ ಹಾಲು ಕುಡಿದವರು, ಎಲ್ಲರೂ ನೆಲ ನೋಡಿದರು. ಇನ್ನೈದು ವರ್ಷದಲ್ಲಿ ಆ ಸಂಘದ ಹೆಸರೇ ಭೂಮಿಯ ಮೇಲಿಂದ ಅಳಿಸಿಹೋಗುತ್ತದೆಂದು ಅಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಏನೋ ಬೀಳತೊಡಗಿದೆ, ಕೆಳಗೆ ನಿಲ್ಲಬಾರದು ಎಂಬುದು ಎಲ್ಲರಿಗೂ ತಿಳಿದಿತ್ತು.

ಸೋಮವಾರ ಮಧ್ಯಾಹ್ನದ ಗಂಟೆ ಬಾರಿಸಿತು. ಮಿಲೋನ್ ಬರಲಿಲ್ಲ.

ಒಡೆಲೀನ್ ಮಡಕೆಯನ್ನು ಸೆರಗಿನಂಥ ಮೇಲ್ಬಟ್ಟೆಯಲ್ಲಿ ಸುತ್ತಿಕೊಂಡು ಕಾದಳು. ನೆರಳು ಉದ್ದವಾಯಿತು. ಹೊತ್ತು ಮುಳುಗಿದರೆ ಆ ದಿನದ ಊಟ ಹೋದ ಹಾಗೆ. ಅವಳು ಎದ್ದು ಇಗರ್ಜಿಯ ಮೆಟ್ಟಿಲು, ಸೇತುವೆ, ಬಡಗಿಯ ಅಂಗಳ ಎಲ್ಲ ಹುಡುಕಿ, ಕೊನೆಗೆ ಚರ್ಮ ಹದ ಮಾಡುವವನ ಪಾಳುಬಿದ್ದ ಗುಡಿಸಲಿನಲ್ಲಿ ಅವನನ್ನು ಹಿಡಿದಳು. ಹುಲ್ಲಿನಲ್ಲಿ ಮುದುಡಿಕೊಂಡಿದ್ದ.

"ಹುಷಾರಿಲ್ವಾ?"

"ಹುಷಾರಾಗಿದ್ದೀನಿ. ಅದಕ್ಕೇ ಬರಲಿಲ್ಲ," ಎಂದ. "ಅವರನ್ನ ಸುಡ್ತಾರಂತೆ, ಅವರ ಅನ್ನ ಉಂಡೋರಿಗೂ ಅದೇ ಗತಿಯಂತೆ. ನನ್ನ ಸುಡೋಕೆ ಸೌದೆ ಬೇಕಾಗಿಲ್ಲ ಅಕ್ಕ, ಒಂದು ಹಿಡಿ ಹುಲ್ಲು ಸಾಕು."

"ಹೊತ್ತು ಮುಳುಗ್ತಾ ಇದೆ, ಮಿಲೋನ್."

"ಶಿಲುಬೆ ಮೇಲೆ ಉಗುಳಿದ್ರಂತಲ್ಲ. ನೀನು ಮೂವತ್ತೆಂಟು ವರ್ಷ ಆ ಮನೇಲಿದ್ದೆ. ನಿಜ ಹೇಳು."

ಅವಳು ಮಡಕೆ ಕೆಳಗಿಟ್ಟು ಅವನ ಎದುರಿಗೆ ಕೂತಳು. "ಬಾಗಿಲು ಮುಚ್ಚಿ ಏನು ಮಾಡಿದ್ರೋ ನಾನು ಕಂಡಿಲ್ಲ. ಕಂಡಿದ್ದು ಹೇಳ್ತೀನಿ. ಶುಭ ಶುಕ್ರವಾರ ಅವರೆಲ್ಲ ಬರಿಗಾಲಲ್ಲಿ, ಬಾಗಿಲಿಂದ ಶಿಲುಬೆ ತನಕ ಮೊಣಕಾಲ ಮೇಲೆ ಹೋಗ್ತಾರೆ. ಎವ್ರಾರಣ್ಣನ ಮೊಣಕಾಲು ನಿಂಗೆ ಗೊತ್ತಲ್ಲ. ನೀನು ಬೇಡಣ್ಣ, ನಡ್ಕೊಂಡೇ ಹೋಗು ಅಂತ ಯಜಮಾನ ಹೇಳಿದ್ರೂ ಕೇಳ್ತಿರಲಿಲ್ಲ. ಪ್ರತಿ ವರ್ಷ, ಹದಿನಾರು ವರ್ಷ. ಅವತ್ತು ಸಾಯಂಕಾಲ ಆ ಕಲ್ಲು ತೊಳೀತಿದ್ದೋಳು ನಾನು. ಒಂದು ಬಕೆಟ್ ನೀರಲ್ಲಿ ಆ ರಕ್ತ ಹೋಗ್ತಿರಲಿಲ್ಲ."

ಮಿಲೋನ್ ಹುಲ್ಲಿನಿಂದ ಎದ್ದು ಕೂತ. ಗುಡಿಸಲಿನ ಬಾಗಿಲಲ್ಲಿ ಬಿಸಿಲು ಕೆಂಪಗೆ ಒಂದು ಗೇಣು ಉಳಿದಿತ್ತು.

"ಸನ್ಯಾಸಿ ಓದಿದ್ದ ಕಾಗದದಲ್ಲಿ ಇದು ಇತ್ತಾ?" ಎಂದು ಕೇಳಿದ.

"ಇರಲಿಲ್ಲ."

"ಮಡಕೆ ಕೊಡು. ತಣ್ಣಗಾಗಿರುತ್ತೆ, ಹಾಳಾದ್ದು."

ಬಿಸಿಲು ಹೊಸ್ತಿಲು ದಾಟುವ ಮೊದಲು ಮೂವತ್ತೆರಡನೆಯ ಊಟ ಮುಗಿಯಿತು. ಮಿಲೋನ್ ಬೆರಳು ನೆಕ್ಕಿ, ಪಿಸುಮಾತಿನಲ್ಲಿ, ಗೋಡೆಗೂ ಕೇಳಿಸದ ಹಾಗೆ ಎವ್ರಾರನ ಹೆಸರು ಹೇಳಿದ.

ಹಿಟ್ಟಿನ ಮೂಟೆ ಸೊರಗುತ್ತ ಬಂತು. ಹಂದಿಮಾಂಸದ ಪಟ್ಟಿಯಲ್ಲಿ ಅಣ್ಣಂದಿರ ಮಾಂಸದ ದಿನಗಳಾದ ಮಂಗಳವಾರಕ್ಕೆ, ಗುರುವಾರಕ್ಕೆ, ಭಾನುವಾರಕ್ಕೆ ಎಂದು ಅವಳು ಚಾಕುವಿನಿಂದ ಗೀರು ಹಾಕಿಟ್ಟಿದ್ದಳು. "ಅರ್ಧ ಹಾಕು ಸಾಕು, ಹಲ್ಲಿಗೂ ಆಗಲ್ಲ," ಎಂದು ಮಿಲೋನ್ ಗೊಣಗಿದರೆ, "ಅಣ್ಣ ಉಣ್ಣೋದು ಅಷ್ಟು. ಅಷ್ಟನ್ನೂ ತಿನ್ನು," ಎನ್ನುತ್ತಿದ್ದಳು. ಅವಳೇನು ಉಣ್ಣುತ್ತಿದ್ದಾಳೆ ಎಂದು ಅವನು ಒಮ್ಮೆ ಕೇಳಿದ. ಆಗಲೇ ಆಯಿತು ಎಂದಳು. ಅವಳ ಕೊರಳ ಮೂಳೆ ಎದ್ದು ಕಾಣುತ್ತಿದ್ದುದನ್ನು ನೋಡಿ ಅವನು ಮತ್ತೆ ಕೇಳಲಿಲ್ಲ.

ಮೂವತ್ತೇಳನೆಯ ದಿನ ಅವರಿಬ್ಬರಿಗೂ ಕರೆ ಬಂತು. ಇನ್ನೊಬ್ಬ ಕಾವಲುಗಾರ, ಕೊಟ್ಟಿಗೆಯೊಳಕ್ಕೆ ದಿನವೂ ಒಂದು ಸಂಖ್ಯೆ ಹೋಗುತ್ತಿದೆ ಎಂದು ವರದಿ ಮಾಡಿದ್ದ. ವಿಚಾರಣೆಗೆ ಬಂದಿದ್ದ ಕರಣಿಕ ಅಣ್ಣಂದಿರ ಊಟದ ಮನೆಯಲ್ಲೇ ಮೇಜು ಹಾಕಿಕೊಂಡು ಕೂತಿದ್ದ. ನೆಗಡಿಯಿಂದ ಮೂಗು ಕೆಂಪಾಗಿದ್ದ ಸಣಕಲು ಮನುಷ್ಯ.

"ಮೂವತ್ತು. ಮೂವತ್ತೊಂದು. ಮೂವತ್ತೆರಡು," ಎಂದು ಓದಿದ. "ಎಲ್ಲಿ ಹೂತಿಟ್ಟಿರೋ ನಿಧಿ ಇದು? ಎಷ್ಟು ಹೆಜ್ಜೆ, ಯಾವ ಮರದಿಂದ?"

"ಊಟ ಸ್ವಾಮಿ," ಎಂದಳು ಒಡೆಲೀನ್.

"ಏನು?"

"ಈ ಮಿಲೋನ್ ತಿಂದ ಊಟ. ಒಬ್ಬ ಅಣ್ಣ ತೀರಿಕೊಂಡ್ರೆ ನಲವತ್ತು ದಿನ ಬಡವನಿಗೆ ಹಾಕ್ತಾರೆ. ಇವತ್ತಿಗೆ ಮೂವತ್ತೇಳು."

ಕರಣಿಕ ಮಿಲೋನನ ಕಡೆ ನೋಡಿದ. ಮಿಲೋನ್ ತನ್ನ ಹೊಟ್ಟೆಯನ್ನು ತಟ್ಟಿ ತೋರಿಸಿದ. "ನಿಧಿ ಇಲ್ಲೇ ಹೂತಿದೆ ಸ್ವಾಮಿ. ಅಗೆದ್ರೆ ಎಲೆಕೋಸು ಸಿಗುತ್ತೆ."

ಬಾಗಿಲಲ್ಲಿದ್ದ ಗಾರ್ನಿಯೆ ಕೆಮ್ಮಿದ. ಕರಣಿಕ ನಗಲಿಲ್ಲ. ಆರೋಪ ಹೊತ್ತ ಸಂಘದ ಆಚಾರಗಳನ್ನು ಯಾರೂ ನಡೆಸಬಾರದು, ಇವತ್ತಿಗೇ ನಿಲ್ಲಿಸಿ ಎಂದ.

ಒಡೆಲೀನ್ ಮುಂದೆ ಬಂದಳು. ಮೇಜಿನ ಅಂಚು ಹಿಡಿದುಕೊಂಡಳು. ಅದು ಎವ್ರಾರಣ್ಣ ಕೂರುತ್ತಿದ್ದ ಮೇಜು. "ಬಡವನಿಗೆ ಊಟ ಹಾಕೋದು ಪಾಪ ಅಂತ ಒಂದು ಕಾಗದದಲ್ಲಿ ಬರೆದು ಮೊಹರು ಒತ್ತಿ ಕೊಡಿ ಸ್ವಾಮಿ. ಇಗರ್ಜಿ ಬಾಗಿಲಿಗೆ ಹಚ್ಚಿ ನಿಲ್ಲಿಸಿಬಿಡ್ತೀನಿ."

ಕರಣಿಕ ಲೇಖನಿಯನ್ನು ಮಸಿಯಲ್ಲಿ ಅದ್ದಿದ. ಅದ್ದಿದವನು ಹಾಗೇ ಹಿಡಿದುಕೊಂಡು ಕೂತ. ಮಸಿಯ ಒಂದು ಹನಿ ಮೇಜಿಗೆ ಬಿತ್ತು.

"ಊಟ ಹಾಕು," ಎಂದ ಕೊನೆಗೆ. "ಆದರೆ ಆ ಸತ್ತವನ ಹೆಸರು ಎತ್ತಿದ್ದು ನನ್ನ ಕಿವಿಗೆ ಬಿದ್ದರೆ, ಎತ್ತಿದವನ ಬೆನ್ನು ಚಾಟಿಗೆ. ಹೋಗಿ."

ಅವರು ಹೊರಗೆ ಬಂದರು. ಹೆಸರು ಹೇಳದ ಊಟ ಬರೀ ಊಟ. ಅದು ಇಬ್ಬರಿಗೂ ಗೊತ್ತಿತ್ತು. ಆಮೇಲಿನ ಮೂರು ದಿನದಲ್ಲಿ ಎರಡು ದಿನ ಮಿಲೋನ್ ರೊಟ್ಟಿ ನುಂಗುವಾಗ ತುಟಿ ಮಾತ್ರ ಆಡಿಸಿದ.

ಮಂಗಳವಾರ ನಲವತ್ತನೆಯದು. ಮಾಂಸದ ದಿನ. ಹಂದಿಯ ಪಟ್ಟಿ ಮುಗಿದಿತ್ತು. ಒಡೆಲೀನ್ ಬೆಳಗ್ಗೆ ಕೋಳಿಯನ್ನು ಕೊಂದು, ಈರುಳ್ಳಿ ಹಾಕಿ ಬೇಯಿಸಿ, ಎಂದಿನ ಕಲ್ಲಿನ ಮೇಲೆ ಬಟ್ಟೆ ಹಾಸಿದಳು. ಮಿಲೋನ್ ಅವತ್ತು ಮುಖ ತೊಳೆದುಕೊಂಡು ಬಂದಿದ್ದ.

"ಏನೋ ಇದು, ಮದುವೆಗಂಡಿನ ಹಾಗೆ?"

"ಕೊನೇ ದಿನ ಅಲ್ವಾ. ಬಟ್ಟೆ ಇಲ್ಲಿ ಬೇಡ, ಅಲ್ಲಿ ಹಾಸು," ಎಂದು ಅವನು ರಸ್ತೆ ಕಡೆಗಿದ್ದ ಕುರಿಕೊಟ್ಟಿಗೆಯ ಹೊರಗೋಡೆಯ ಬುಡ ತೋರಿಸಿದ.

"ಹೊಡೀತಾರೆ ಕಣೋ."

"ಅರವತ್ತು ವರ್ಷದಿಂದ ಊರೆಲ್ಲ ಬಿಟ್ಟಿ ಹೊಡೆದಿದೆ. ಒಂದ್ಸಲ ಕಾರಣ ಇಟ್ಕೊಂಡು ಹೊಡೆಸ್ಕೊಳ್ಳೋಣ ಬಿಡು."

ಗಾರ್ನಿಯೆ ಅವರು ಬರುವುದನ್ನು ನೋಡಿ ಇನ್ನೊಂದು ಕಡೆ ತಿರುಗಿ ಮೋಡ ನೋಡುತ್ತ ನಿಂತ. ಮಿಲೋನ್ ಗೋಡೆಗೆ ಬೆನ್ನು ಕೊಟ್ಟು ಕೂತು, ಕೋಳಿಯನ್ನು ಒಂದೊಂದೇ ಎಳೆಯಾಗಿ, ಅವಸರವಿಲ್ಲದೆ, ಒಂದು ಗೊಣಗಾಟವೂ ಇಲ್ಲದೆ ತಿಂದ. ರೊಟ್ಟಿಯಿಂದ ಮಡಕೆಯ ಒಳಗನ್ನು ಒರೆಸಿದ. ದ್ರಾಕ್ಷಾರಸ ಕುಡಿದ. ಆಮೇಲೆ ಗೋಡೆ ಹಿಡಿದು ಎದ್ದು ನಿಂತು, ಭಿಕ್ಷೆ ಬೇಡಿ ಬೇಡಿ ಪಳಗಿದ, ಸಂತೆಯ ಆ ತುದಿಗೂ ಕೇಳುವ ತನ್ನ ಗಂಟಲನ್ನು ಪೂರ್ತಿ ಬಿಟ್ಟು ಕೂಗಿದ:

"ದೇವರೇ, ದೇವಾಲಯದ ಅಣ್ಣ ಎವ್ರಾರನ ಆತ್ಮವನ್ನು ಕಾಪಾಡು. ಅವನ ಪಾಲಿನ ನಲವತ್ತು ಊಟ ನಾನು ಉಂಡಿದ್ದೀನಿ. ಒಂದೂ ಕಮ್ಮಿ ಇಲ್ಲ."

ಗೋಡೆಯ ಒಳಗಿಂದ, ಹನ್ನೆರಡು ದಿನ ನೀರು ರೊಟ್ಟಿಯಲ್ಲಿ ಬದುಕಿದ್ದ ಒಣ ಗಂಟಲುಗಳಿಂದ, ಒಟ್ಟಿಗೆ ಬಂತು: "ಆಮೆನ್."

ಒಡೆಲೀನ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಹನ್ನೆರಡು ದಿನದಿಂದ ಹಿಡಿದಿಟ್ಟ ಅಳು ಒಂದೇ ಸಲಕ್ಕೆ ಬಂತು. ಕಣ್ಣು ಮುಚ್ಚಿದರೆ ಅವಳಿಗೆ ಕಂಡದ್ದು ಕಡಲು, ಕಡಲಿನಿಂದ ದಡದ ಕಡೆಗೆ ತಿರುಗಿದ ಒಂದು ದೋಣಿ.

ಮಿಲೋನನಿಗೆ ಐದು ಏಟು ಬಿತ್ತು. ಹೊಡೆದವನು ಗಾರ್ನಿಯೆ. ಚಾಟಿಯ ಸದ್ದು ಕರಣಿಕನ ಕಿಟಕಿಯವರೆಗೂ ಜೋರಾಗಿ ಕೇಳಿಸಿತು. ಬೆನ್ನಿನ ಮೇಲೆ ಮಾತ್ರ ಗುರುತು ಅಷ್ಟಾಗಿ ಏಳಲಿಲ್ಲ.

ಬುಧವಾರ ಬೆಳಗ್ಗೆ ಅಣ್ಣಂದಿರನ್ನು ತ್ರುವಾಗೆ ಸಾಗಿಸಲು ಗಾಡಿಗಳು ಬಂದವು. ಊರವರು ಬೇಲಿಯ ಹಿಂದೆ ನಿಂತು ನೋಡಿದರು. ಬಿಳಿ ನಿಲುವಂಗಿಗಳನ್ನು ಕಿತ್ತುಕೊಂಡಿದ್ದರು. ಬರೀ ಅಂಗಿಯಲ್ಲಿ, ಕೈಗೆ ಸರಪಳಿ ಹಾಕಿಸಿಕೊಂಡು, ಅವರು ಇಬ್ಬಿಬ್ಬರಾಗಿ ಸಾಲು ಹಿಡಿದು ಹೊರಬಂದರು, ಊಟದ ಮನೆಗೆ ಹೋಗುವ ಹಾಗೆಯೇ. ಅನ್ಸೋ ಒಡೆಲೀನಳನ್ನು ಕಂಡು ತಲೆಬಾಗಿಸಿದ. ಅಂಥ ಯಜಮಾನ ಹಾಲಿನವಳಿಗೆ ತಲೆಬಾಗಿಸಿದ್ದನ್ನು ಊರು ನೋಡಿತು. ಒಳಗೆ ಹೋಗಿದ್ದವರು ಏಳು ಜನ. ಗಾಡಿ ಹತ್ತಿದವರು ಆರು.

ಮಧ್ಯಾಹ್ನದ ಗಂಟೆ ಬಾರಿಸಿದಾಗ ಸೌದೆಯ ಕೊಟ್ಟಿಗೆಯ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು.

"ಮಿಲೋನ್, ಇವತ್ತು ಏನೂ ಮಾಡಿಲ್ಲ ಕಣೋ. ಮುಗೀತಲ್ಲ. ಹಿಟ್ಟೂ ಮುಗೀತು."

"ಗೊತ್ತು. ಸರಿ ಆ ಕಡೆ," ಎಂದು ಅವನು ಬೆನ್ನು ನೋವಿಗೆ ಮುಖ ಕಿವುಚಿ, ಸೌದೆಯ ಮೇಲೆ ಕೂತು, ಜೋಳಿಗೆಯಿಂದ ಅರ್ಧ ರೊಟ್ಟಿ, ಒಂದು ಈರುಳ್ಳಿ, ಎಲೆಯಲ್ಲಿ ಸುತ್ತಿದ ಚೀಸಿನ ತುಣುಕು ತೆಗೆದು ಅವಳ ಮುಂದಿಟ್ಟ. "ಆ ಗಾರ್ನಿಯೆ ಹೇಳಿದ. ನಿನ್ನೆ ಸಾಯಂಕಾಲ ಉಂಬೇರಣ್ಣ ಹೋಗಿಬಿಟ್ಟನಂತೆ. ಎಲ್ಲರಿಗಿಂತ ಹಿರಿಯ. ನನ್ನ ಕೂಗಿಗೆ ಆಮೆನ್ ಅಂದೋನು ಆಮೇಲೆ ಎದ್ದೇಳಲೇ ಇಲ್ಲ."

ಅವಳು ಶಿಲುಬೆಯ ಗುರುತು ಮಾಡಿಕೊಂಡಳು. "ಪಾಪ. ಅವನಿಗೆ ಯಾರು ಉಣ್ತಾರೆ?"

"ಅದಕ್ಕೇ ತಂದಿದ್ದು. ಉಣ್ಣು."

"ನಾನಾ? ಬಡವರಿಗೆ ಹಾಕಬೇಕು ಕಣೋ. ಬಡವ ನೀನು."

"ನಾನೇನು ಬಡವ? ಊರಲ್ಲಿ ಇನ್ನೂರು ಬಾಗಿಲಿವೆ ನಂಗೆ. ಬೈದಾದ್ರೂ ಕೊಡ್ತಾರೆ. ನಿಂಗೆ ಯಾವ ಬಾಗಿಲಿದೆ ಹೇಳು?"

ಒಡೆಲೀನ್ ರೊಟ್ಟಿಯನ್ನು ಕೈಗೆ ತೆಗೆದುಕೊಂಡಳು. ಒಣಗಿತ್ತು, ಅಂಚು ಸುಟ್ಟಿತ್ತು. ಮಿಲೋನ್ ಎದುರಿಗೆ ಕೂತು ಅವಳು ನುಂಗುತ್ತಾಳೋ ಇಲ್ಲವೋ ಎಂದು ಕಣ್ಣಿಟ್ಟು ನೋಡುತ್ತಿದ್ದ. ಅವಳು ಕೊನೆಯ ಚೂರಿನವರೆಗೂ ನಿಧಾನವಾಗಿ ಜಗಿದು ಉಂಡು, ಬಾಯಿ ಒರೆಸಿಕೊಂಡು, ಉಂಬೇರಣ್ಣನ ಹೆಸರು ಹೇಳಿದಳು.